ಲಾಡಿ ಅಕ್ಕ ಹೇಳಿಕೊಟ್ಟ ಉಪಾಯ

ಜೈಲಿನ ಬಾಗಿಲಲ್ಲಿ ತಪಾಸಣೆಗೆಂದು ಎರಡೂ ಕೈ ಮೇಲೆತ್ತಿ ನಿಂತಿದ್ದ ಕ್ಷೌರಿಕನ ಪ್ಯಾಂಟು, ಹಿಂದಿನ ಸಾಲೆಲ್ಲ ನೋಡುತ್ತಿದ್ದಂತೆಯೇ, ಮೊಣಕಾಲಿಗೆ ಬಂದು ಕೂತಿತು. ಪಾಪ, ಪ್ಯಾಂಟಿನದೇನೂ ತಪ್ಪಿರಲಿಲ್ಲ. ಬಕಲ್ ಕಂಡರೆ ಅಲ್ಲಿನ ಯಂತ್ರ ಬಾಯಿ ಬಡಿದುಕೊಳ್ಳುತ್ತದೆಂದು ವಾರ್ಡರು ಬೆಲ್ಟು ಬಿಚ್ಚಿಸಿದ್ದ. ಜೈಲಿನೊಳಗಿದ್ದ ತಮ್ಮನ ಚಿಂತೆಯಲ್ಲಿ ಸೊರಗಿದ್ದ ಆ ಸೊಂಟಕ್ಕೆ ಬೆಲ್ಟಲ್ಲದೆ ಬೇರೆ ದಿಕ್ಕಿರಲಿಲ್ಲ.

“ಹೋಗಪ್ಪ, ಎದುರುಗಡೆ ಲಾಡಿ ಅಕ್ಕ ಇದ್ದಾಳೆ. ಕಟ್ಟಿಸ್ಕೊಂಡು ಬಾ,” ಎಂದ ವಾರ್ಡರು, ನಗು ನುಂಗಿಕೊಂಡು.

ಈ ಕ್ಷೌರಿಕನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಕತ್ತರಿ ನಿಂತರೂ ಅವನ ಬಾಯಿ ನಿಲ್ಲದು. ಗಲ್ಲಕ್ಕೆ ಕತ್ತಿ ಇಟ್ಟುಕೊಂಡೇ ಅಭಿಪ್ರಾಯ ಕೇಳುವುದರಿಂದ ಗಿರಾಕಿಗಳೆಲ್ಲ ಅವನು ಹೇಳಿದ್ದಕ್ಕೆ ಹೂಂ ಅನ್ನುವವರೇ. ಅಂಥವನು ಅಂದು ತುಟಿ ಪಿಟಕ್ಕೆನ್ನದೆ, ಮಾನವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿದ.

ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಹೊಲಿಗೆ ಯಂತ್ರ. ಅದರ ಹಿಂದೆ ತಲೆ ನರೆತ ಹೆಂಗಸು. ಗಂಡ ಜೈಲು ಸೇರಿದ ಕಾಲದಲ್ಲಿ, ಭೇಟಿಗೆ ಕಾಯುವ ಹೊತ್ತು ದಂಡವಾಗುತ್ತದಲ್ಲ ಎಂದು ಯಂತ್ರವನ್ನೇ ತಂದಿಟ್ಟುಕೊಂಡು ಕೂತವಳು. ಬಂದವರ ಬಟ್ಟೆಯ ಹುಕ್ಕು ಕಿತ್ತು ಲಾಡಿ ಪೋಣಿಸುವುದು, ಲೋಹದ ಗುಂಡಿ ತೆಗೆದು ಬಟ್ಟೆಯ ಗುಂಡಿ ಹಾಕುವುದು ಅವಳ ಕೆಲಸ. ಸೂಜಿ ಓಡುವಷ್ಟು ಹೊತ್ತು ಬುದ್ಧಿಮಾತು ಪುಕ್ಕಟೆ.

“ನಾಚ್ಕೋಬೇಡಪ್ಪ, ನಿನಗಿಂತ ದೊಡ್ಡ ದೊಡ್ಡವರ ಪ್ಯಾಂಟೇ ಬಿದ್ದಿದೆ ಆ ಬಾಗಿಲಲ್ಲಿ,” ಎಂದಳು. ನಗಲಿಲ್ಲ. ಅವಳು ನಕ್ಕದ್ದನ್ನು ಕಂಡವರು ಯಾರೂ ಇರಲಿಲ್ಲ. “ಯಾರನ್ನ ನೋಡೋಕೆ?”

“ತಮ್ಮನ್ನ. ಯಾವುದೋ ಹೊಡೆದಾಟದಲ್ಲಿ ಸಿಕ್ಕಿಹಾಕ್ಕೊಂಡ. ಅವ್ವ ಹೋದ ಮೇಲೆ ನಾನೇ ಎತ್ತಿ ಆಡಿಸಿದ ಹುಡುಗ ಅಕ್ಕ. ಮೂರು ಸಲ ಬಂದೆ, ಒಂದು ಮಾತೂ ಆಡಲಿಲ್ಲ. ಸುಮ್ನೆ ನನ್ನ ಕೈ ನೋಡ್ತಾ ಕೂತಿರ್ತಾನೆ.”

“ನೀನೇನು ಕೇಳ್ತೀಯ?”

“ಊಟ ಸರಿಯಾಗಿ ಕೊಡ್ತಾರಾ, ಯಾರಾದ್ರೂ ಹೊಡೀತಾರಾ, ರಾತ್ರಿ ನಿದ್ದೆ ಬರುತ್ತಾ...”

“ಅದು ವಿಚಾರಣೆ ಕಣಪ್ಪ. ಅದು ಅವನಿಗೆ ಸಾಕುಸಾಕಾಗಿದೆ.” ಅವಳು ದಾರ ಕಚ್ಚಿ ಕತ್ತರಿಸಿದಳು. “ಮನೆ ವಿಷಯ ಹೇಳು. ಎಲ್ಲಾ ಚೆನ್ನಾಗಿದೆ ಅಂತ ಬೊಗಳೆ ಬಿಡಬೇಡ. ನಲ್ಲಿ ಸೋರ್ತಿದ್ರೆ ಸೋರ್ತಿದೆ ಅನ್ನು. ಅವನ ಮುಂದೆ ಅಳಬೇಡ, ಬಸ್ಸಲ್ಲಿ ಅಳು. ಮತ್ತೆ ಯಾವತ್ತು ಬರ್ತೀನಿ ಅಂತ ಹೇಳಿ ಏಳು, ಹೇಳಿದ ದಿನ ತಪ್ಪಿಸಬೇಡ. ಅಲ್ಲಿ ಏಳೋದು, ಕೂರೋದು ಎಲ್ಲಾ ಬೇರೆಯವರೇ ತೀರ್ಮಾನ ಮಾಡ್ತಾರೆ. ಅದಕ್ಕೇ ಮನೇದು ಏನಾದ್ರೂ ಒಂದು ಅವನೇ ತೀರ್ಮಾನ ಮಾಡ್ಲಿ. ಆದ್ರೆ ಕೇಳಿದ ಮೇಲೆ ಮಾಡಲೇಬೇಕು. ನಮ್ಮೋರಿಗೂ ಹಾಗೇ ಮಾಡಿದ್ದು ನಾನು.”

ಭೇಟಿಯ ಕೋಣೆಯಲ್ಲಿ ಗಾಜಿನ ಆಚೆ ತಮ್ಮ ಎಂದಿನಂತೆ ಅಣ್ಣನ ಕೈ ನೋಡುತ್ತ ಕೂತಿದ್ದ. ರೇಡಿಯೋ ಗಂಟಲು ಸರಿಮಾಡಿಕೊಂಡು ಕೇಳಿದ: “ನಿನ್ನ ಕೋಣೆ ಸುಣ್ಣ ಉದುರ್ತಿದೆ ಕಣೋ. ಯಾವ ಬಣ್ಣ ಹೊಡೆಸ್ಲಿ?”

ತುಂಬ ಹೊತ್ತಾದ ಮೇಲೆ ತಮ್ಮ ಬಾಯಿ ಬಿಟ್ಟ. “ಬೂದಿ.”

ಒಂದೇ ಪದ. ಆ ವಾರ ಅಂಗಡಿಗೆ ಬಂದ ಪ್ರತಿ ತಲೆಯೂ ಬೂದಿ ಬಣ್ಣದ ಗುಣಗಾನ ಕೇಳಿಯೇ ಹೋಗಬೇಕಾಯಿತು. ಮುಂದಿನ ಭೇಟಿಯಲ್ಲಿ ತಮ್ಮ ಒಂದು ಇಡೀ ವಾಕ್ಯ ಆಡಿದ: ಮಂಚವನ್ನು ಗೋಡೆಗೆ ಒತ್ತಿಸು ಎಂದ. ಆಮೇಲೆ ಕನ್ನಡಿ ತೆಗೆದುಬಿಡು ಎಂದ. ದೀಪ ಹಗಲೂ ಉರಿಯುತ್ತಿರಲಿ ಎಂದ. ರೇಡಿಯೋ ಕುಣಿಯುತ್ತ ಮನೆಗೆ ಬಂದು ಎಲ್ಲವನ್ನೂ ಚಾಚೂತಪ್ಪದೆ ಮಾಡಿದ.

“ಇನ್ನು ನನ್ನೂ ಆ ಗೋಡೆಗೆ ಒರಗಿಸಿ ನಿಲ್ಲಿಸಿಬಿಡಿ,” ಎಂದಳು ಹೆಂಡತಿ. ಆ ಕೋಣೆಯನ್ನು ಗುಡಿಸಲು ಹೋದರೆ ಹಿಂದಿನಿಂದ ಯಾರೋ ತನ್ನ ತಲೆ ಎಣಿಸಿಕೊಂಡಂತಾಗುತ್ತದೆ ಎಂದು ಅವಳು ಅತ್ತ ಕಾಲಿಡುವುದನ್ನೇ ಬಿಟ್ಟಿದ್ದಳು.

ಕಿಟಕಿ ಮುಚ್ಚಿಸು ಎಂದಾಗ ಮಾತ್ರ ರೇಡಿಯೋಗೆ ಮನಸ್ಸು ಬರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಅವನು ಒಂದು ನಿದ್ದೆ ತೆಗೆಯುತ್ತಿದ್ದದ್ದು ಆ ಕಿಟಕಿಯ ಕೆಳಗೇ. ಹಲಗೆ ಬಡಿಸಿಯಾಯಿತು ಎಂದು ಮುಂದಿನ ಭೇಟಿಯಲ್ಲಿ ಸುಳ್ಳು ಹೇಳಿದ.

“ಮುಚ್ಚಿಲ್ಲ,” ಎಂದ ತಮ್ಮ.

“ಇಲ್ಲಿ ಕೂತು ನಿಂಗೆ ಹೆಂಗೋ ಗೊತ್ತಾಯ್ತು?”

“ಎಡಗಡೆ ಕೂದಲೆಲ್ಲ ಒಂದೇ ಕಡೆ ಬಾಗಿದೆ. ಗಾಳಿಗೆ ಮಲಗಿದ್ದೀಯ.”

ಕಂಡವರ ಕೂದಲನ್ನೆಲ್ಲ ನೀರು ಚಿಮುಕಿಸಿ ಮಲಗಿಸಿದವನ ಕೂದಲು ಅಂದು ಬುಡಸಮೇತ ಎದ್ದು ನಿಂತಿತು. ಸಂಜೆಯೊಳಗೆ ಹಲಗೆ ಬಡಿಸಿದ. ಕೊನೆಯ ಮೊಳೆ ಇಳಿದಾಗ ಕೋಣೆಯೊಳಗೆ ಬೀದಿಯ ಸದ್ದೆಲ್ಲ ಒಮ್ಮೆಗೇ ನಿಂತುಹೋಯಿತು. ಅಂಥ ನಿಶ್ಶಬ್ದವನ್ನು ಅವನು ಒಂದೇ ಕಡೆ ಕೇಳಿದ್ದ, ಭೇಟಿಯ ಕೋಣೆಯ ಗಾಜಿನ ಎದುರು.

ಬಿಡುಗಡೆ ಹತ್ತಿರ ಬಂತು. ತಮ್ಮ ಈಗ ಚೆನ್ನಾಗಿಯೇ ಮಾತಾಡುತ್ತಿದ್ದ, ಒಮ್ಮೆ ನಕ್ಕೂ ನಕ್ಕ. ಏಳುವ ಮುಂಚೆ ಹೇಳಿದ: “ಅಣ್ಣ, ನನ್ನ ಕೋಣೆ ಬಾಗಿಲಿದೆಯಲ್ಲ, ಅದರ ಚಿಲಕ ಹೊರಗಡೆಗೆ ಹಾಕಿಸು.”

ರೇಡಿಯೋ ಎದ್ದು ಹೊರಟ. ಹೊರಗೆ ಬಂದಾಗ ಲಾಡಿ ಅಕ್ಕ ಯಂತ್ರಕ್ಕೆ ಹೊದಿಕೆ ಹಾಕುತ್ತಿದ್ದಳು. ಅವಳ ಬಟ್ಟೆಗಂಟು ಹೊತ್ತುಕೊಂಡು, ದಾರಿಯುದ್ದಕ್ಕೂ ಮಾತಿಗೆ ತಡಕಾಡುತ್ತ, ಅವಳ ಮನೆಯವರೆಗೂ ಹೋದ. ಈ ಉಪಾಯವನ್ನು ಎಲ್ಲಿಗೆ ನಿಲ್ಲಿಸಬೇಕು ಎಂದು ಕೇಳುವುದಿತ್ತು. ತಮ್ಮ ಮಾತಿಗೆ ಬಂದಿದ್ದ, ನಿಜ. ಆದರೆ ಮನೆಗೆ ಬರುತ್ತಾನೋ ಇಲ್ಲವೋ ಎಂಬುದು ಈಗ ಅನುಮಾನವಾಗಿತ್ತು.

ಅಕ್ಕ ಬೀಗ ತೆಗೆದಳು. ಹೊರಗೆ ಇನ್ನೂ ಬಿಸಿಲಿತ್ತು. ಒಳಗೆ ದೀಪ ಉರಿಯುತ್ತಿತ್ತು. ಬೂದಿ ಬಣ್ಣದ ಗೋಡೆ, ಹಲಗೆ ಬಡಿದ ಕಿಟಕಿ. ಗೋಡೆಯ ಮೇಲೆ ಕನ್ನಡಿ ಇದ್ದ ಜಾಗದಲ್ಲಿ ಬರಿಯ ಮೊಳೆ. ಒಳಕೋಣೆಯ ಬಾಗಿಲಿಗೆ ಚಿಲಕ ಹೊರಗಡೆಗಿತ್ತು, ಎಣ್ಣೆ ಹಾಕಿ ನಯ ಮಾಡಿದ ಚಿಲಕ. ಅದೇ ಬಾಗಿಲಿನ ಕೆಳಗೆ ಒಂದು ತಟ್ಟೆ ತೂರುವಷ್ಟು ಮರ ಕೊಯ್ದು ತೆಗೆದಿದ್ದರು. ಅಕ್ಕ ಹೋದವಳೇ ಚಿಲಕವನ್ನು ಒಮ್ಮೆ ಅಲುಗಿಸಿ ನೋಡಿ, ಬಿಗಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಬಂದು ಕೂತಳು.

“ಇದೆಲ್ಲ ಏನಕ್ಕ?” ರೇಡಿಯೋ ಧ್ವನಿ ಗರಗರ ಎಂದಿತು.

“ಅವರೇ ಹೇಳಿದ್ದು. ಭೇಟಿಗೆ ಹೋದಾಗ ಒಂದೊಂದು ಸಲ ಒಂದೊಂದು.” ಅಕ್ಕ ಕನ್ನಡಕ ಏರಿಸಿ ಸೂಜಿಗೆ ದಾರ ಹಾಕತೊಡಗಿದಳು. “ಕೇಳಿದ ಮೇಲೆ ಮಾಡದೇ ಇರೋಕಾಗುತ್ತಾ?”

“ಅಲ್ಲಕ್ಕ, ನಿಮ್ಮ ಯಜಮಾನ್ರು ಬಿಡುಗಡೆ ಆಗಿ ಬಂದು ಇದನ್ನೆಲ್ಲ ನೋಡಿದ್ರೆ ಏನಂದಾರು?”

ದಾರ ಸೂಜಿಯ ಕಣ್ಣಲ್ಲಿ ತೂರಿತು. ಅಕ್ಕ ತಲೆ ಎತ್ತಲಿಲ್ಲ.

“ಬಂದು ಎರಡು ವರ್ಷ ಆಯ್ತಲ್ಲಪ್ಪ, ಏನೂ ಅಂದಿಲ್ಲ. ಸ್ವಲ್ಪ ಮೆಲ್ಲಗೆ ಮಾತಾಡು, ಮಲಗಿದ್ದಾರೆ.”