ಜಾವಳಕ್ಕೂ ಮೊದಲು ಧಬಧಬಿಗೆ

ಹರಿಯುವ ನೀರು ದಾಟಿದರೆ ಕೂಸಿಗೆ ಏನಾಗುತ್ತದೆ ಎಂದು ರೇಣುಗೆ ಯಾರೂ ಹೇಳಿರಲಿಲ್ಲ. ಅವಳನ್ನು ಕೊರೆಯುತ್ತಿದ್ದುದೇ ಅದು. ಜ್ವರ ಬರುತ್ತದೆ ಎಂದಿದ್ದರೆ ಚೀಲದಲ್ಲಿ ಔಷಧಿಯಿತ್ತು. ಭೇದಿಯಾಗುತ್ತದೆ ಎಂದಿದ್ದರೆ ನೀರಿಗೆ ಕದಡುವ ಪುಡಿಯ ಪೊಟ್ಟಣವಿತ್ತು. ದೃಷ್ಟಿ ತಾಗುತ್ತದೆ ಎಂದಿದ್ದರೆ ಕೆನ್ನೆಗೆ ಕಾಡಿಗೆಯ ಬೊಟ್ಟು ಆಗಲೇ ಬಿದ್ದಿತ್ತು. ಆದರೆ ಅತ್ತೆ ಬಸವಣ್ಣೆವ್ವ ಪ್ರತಿ ಸಲವೂ "ದಾಟಿದ್ರ ಚೊಲೋ ಅಲ್ಲ" ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಚೊಲೋ ಅಲ್ಲದ್ದಕ್ಕೆ ಯಾವ ಅಂಗಡಿಯಲ್ಲಿ ಮದ್ದು ಸಿಗುತ್ತದೆ?

ಗಂಡ ಸಂಜುವಿನ ಮನೆದೇವರು ಜೇಜುರಿಯ ಖಂಡೋಬಾ. ಮಗನಿಗಿಟ್ಟ ಮಾರ್ತಾಂಡ ಎಂಬ ಹೆಸರೂ ಆ ದೇವರದೇ. ಕೂಸಿನ ಹುಟ್ಟುಗೂದಲನ್ನು ಜೇಜುರಿಗೇ ಒಯ್ದು ತೆಗೆಸಬೇಕು. ಜಾವಳ ಎನ್ನುವುದು ಅದಕ್ಕೇ. ಜಾವಳ ಆಗುವವರೆಗೆ ಕೂಸು ಹರಿಯುವ ನೀರು ದಾಟಬಾರದೆಂಬುದು ಆ ಮನೆತನದ ಕಟ್ಟು. ಜೇಜುರಿಯ ದಾರಿಯಲ್ಲಿ ಸಿಗುವ ನೀರು ಮಾತ್ರ ದೇವರ ಲೆಕ್ಕಕ್ಕೆ, ಅದನ್ನು ದಾಟಬಹುದು. ಕೂಸು ದಾಟಬಾರದು ಎಂದರೆ ಎದೆಹಾಲು ಕೊಡುವ ತಾಯಿಯೂ ದಾಟಬಾರದು ಎಂದು ಬೇರೆ ಹೇಳಬೇಕೇ? ಮೊದಲ ವರ್ಷದಲ್ಲೇ ಮುಗಿಸೋಣವೆಂದು ದಿನ ನೋಡಿದಾಗ ದಾಯಾದಿಯೊಬ್ಬರು ತೀರಿಕೊಂಡು ಸೂತಕ ಬಂತು. ಎರಡನೆಯದು ಸಮ ವರ್ಷ, ನಡೆಯುವುದಿಲ್ಲ. ಇನ್ನೇನಿದ್ದರೂ ಮೂರನೆಯದಕ್ಕೆ. ಹೀಗಾಗಿ ಒಂದೂವರೆ ವರ್ಷದ ಮಾರ್ತಾಂಡನ ಕೂದಲು ಹೆಗಲಿಗಿಳಿದಿತ್ತು. ತಲೆಯ ಮೇಲೆ ಎರಡು ಜುಟ್ಟು ಕಟ್ಟಿದರೂ ಉಳಿದದ್ದು ಕಣ್ಣಿಗೆ ಬೀಳುತ್ತಿತ್ತು. ಅವರಿದ್ದ ಪುಣೆಯ ವಾಕಡದ ತರಕಾರಿಯವರಿಗೆಲ್ಲ ಅವನು ಹುಡುಗಿಯೇ.

ಗೆಳತಿಯರ ಜೊತೆ ಧಬಧಬಿ, ಅಂದರೆ ಜಲಪಾತ, ನೋಡುವ ಆಸೆ ಹೇಳಿಕೊಂಡು ರೇಣು ಒಮ್ಮೆ ಧೈರ್ಯ ಮಾಡಿ ಕೇಳಿಯೂ ಇದ್ದಳು. "ದಾಟಿದ್ರ ಏನಾಗತದ್ರಿ ಅತ್ತಿ?"

"ನಾ ಕೇಳಲಿಲ್ಲ ನಮ್ಮತ್ತೀನ್ನ," ಎಂದಿದ್ದರು ಬಸವಣ್ಣೆವ್ವ. "ಭೀಮಾ ನದಿ ಆಚಿ ದಂಡಿಗೆ ನನ್ನ ತವರಮನಿ. ಸಂಜು ಹುಟ್ಟಿದ ಮ್ಯಾಲ ಎರಡೂವರಿ ವರ್ಷ ಈ ದಂಡಿಗೆ ನಿಂತು ಆ ದಂಡಿ ನೋಡೀನಿ. ನನ್ನ ತಂಗಿ ಮದಿವಿಗೂ ಹೋಗಲಿಲ್ಲ. ನಿನ್ನ ಧಬಧಬಿ ಏನು ಓಡಿ ಹೋಗತದೇನು?"

ಧಬಧಬಿ ಓಡಿ ಹೋಗುವುದಿಲ್ಲ, ನಿಜ. ಆದರೆ ಗೆಳತಿಯರು ಹೋಗುತ್ತಾರೆ. ಹುಬ್ಬಳ್ಳಿಯಲ್ಲಿ ಓದಿ ಬೆಳೆದ ರೇಣು ಮದುವೆಯಾಗಿ ಪುಣೆಗೆ ಬಂದಾಗ ಅವಳಿಗೆ ಈ ಊರು ಎಂದರೆ ಅಡುಗೆಮನೆಯ ಕಿಟಕಿ ಮತ್ತು ಅದರಾಚೆಯ ಇನ್ನೊಂದು ಕಟ್ಟಡ, ಅಷ್ಟೇ. ಊರನ್ನು ತೋರಿಸಿದವರು ಅದೇ ಕಟ್ಟಡದ ಇಬ್ಬರು. ಕೆಳಗಿನ ಮನೆಯ ಶ್ರದ್ಧಾ ಕುಂದಾಪುರದ ಕಡೆಯವಳು, ಗಂಡನ ಮನೆಯವರದು ಚಿಕ್ಕದೊಂದು ಹೋಟೆಲು. ಎದುರು ಮನೆಯ ಮಂಜರಿ ಸೋಲಾಪುರದ ಮರಾಠಿಯವಳು. ಜಗಳವಾಡುವುದು ಮಾತ್ರ ಅಚ್ಚ ಕನ್ನಡದಲ್ಲಿ. ಮೂವರೂ ತಿಂಗಳಿಗೊಂದು ದಿನ ಹೊರಡುತ್ತಿದ್ದರು. ಕಾರು ಮಾಡಬಾರದು, ತಿಂಡಿ ಕೊಂಡು ತಿನ್ನಬಾರದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಆ ಕಟ್ಟಳೆಯಲ್ಲೇ ಸಿಟಿ ಬಸ್ಸಿನ ದಿನದ ಪಾಸು ಹಿಡಿದು ಪರ್ವತಿ ಗುಡ್ಡ ಹತ್ತಿದ್ದರು, ಶನಿವಾರವಾಡಾದ ಕೋಟೆಗೋಡೆಯ ಮೇಲೆ ಕುಳಿತು ಚಿತ್ರಾನ್ನ ತಿಂದಿದ್ದರು, ಸಿಂಹಗಡದಲ್ಲಿ ಮಳೆಗೆ ಸಿಕ್ಕು ಒಂದೇ ಛತ್ರಿಯಲ್ಲಿ ಮೂವರೂ ತೊಯ್ದಿದ್ದರು. ಮಾರ್ತಾಂಡ ಹುಟ್ಟಿದ ಮೇಲೆ ರೇಣುವಿಗೆ ಬರುತ್ತಿದ್ದುದು ಫೋಟೋಗಳು. ಇತ್ತೀಚೆಗೆ ಅದೂ ಕಡಿಮೆಯಾಗಿತ್ತು. ಅವಳಿಗೆ ಬೇಜಾರಾಗಬಾರದೆಂದು ಕಳಿಸುತ್ತಿಲ್ಲ ಎಂದು ತಿಳಿದಾಗ ಇನ್ನಷ್ಟು ಬೇಜಾರಾಯಿತು.

ಈ ಸಲ ಭಾಜೆಯ ಧಬಧಬಿ. ಚಿಂಚವಡದಿಂದ ಲೋಕಲ್ ರೈಲು, ಮಳವಲಿಯಲ್ಲಿ ಇಳಿದು ನಡಿಗೆ. ಮಂಗಳವಾರವಾದರೆ ಗದ್ದಲವಿಲ್ಲ.

"ನಾನೂ ಬರತೀನಿ," ಎಂದುಬಿಟ್ಟಿದ್ದಳು ರೇಣು. ಅಂದ ಮೇಲೆ ಮೂರು ದಿನ ಅನ್ನ ಸೇರಿರಲಿಲ್ಲ.

ಸಂಜು ತಳೇಗಾಂವದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕ್ಲಾರ್ಕು. ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತ, "ಹೋಗಿ ಬಾ. ಆದ್ರ ಅವ್ವಗ ಹೇಳಬ್ಯಾಡ," ಎಂದ.

"ಹನ್ನೊಂದಕ್ಕ ವಿಡಿಯೋ ಕಾಲ್ ಬರತದಲ್ಲ?" ಬಸವಣ್ಣೆವ್ವ ಸೋಲಾಪುರದಲ್ಲಿ ಹಿರಿಯ ಮಗನ ಮನೆಯಲ್ಲಿದ್ದರು. ಪೂಜೆ ಮುಗಿಸಿ ಮೊಮ್ಮಗನ ಮುಖ ನೋಡದೆ ಅವರು ಚಹಾ ಕುಡಿಯುತ್ತಿರಲಿಲ್ಲ.

"ಮಲಗ್ಯಾನ ಅನ್ನು."

"ಮಲಗಿದ್ದು ತೋರ್ಸು ಅಂತಾರ."

"ರೇಂಜ್ ಇಲ್ಲ ಅನ್ನು."

"ಮನ್ಯಾಗ ಕುಂತು ರೇಂಜ್ ಇಲ್ಲ ಅಂತ ಹ್ಯಾಂಗ ಅನ್ಲಿ?"

"ಎಲ್ಲಾರೂ ಸಮಾಧಾನದಿಂದ ಇರಲಿ ಅಂತ ಹೇಳೂದು ನಾನು," ಎಂದು ಸಂಜು ಕಂಪನಿ ಬಸ್ಸಿಗೆ ಓಡಿದ. ಎಲ್ಲಾರೂ ಅಂದರೆ ಅವನೊಬ್ಬನೇ ಎಂದು ರೇಣುಗೆ ಅನ್ನಿಸಿದ್ದು ಅವನು ಮೆಟ್ಟಿಲಿಳಿದ ಮೇಲೆ.

ಅವಳ ಚೀಲ ನೋಡಿ ಶ್ರದ್ಧಾ ಹಣೆ ಚಚ್ಚಿಕೊಂಡಳು. "ಎಂತ ಮಾರಾಯ್ತಿ ಇದು! ಒಂದು ದಿನಕ್ಕೆ ಹೊರಟದ್ದಾ, ಬಾಡಿಗೆ ಮನೆ ಖಾಲಿ ಮಾಡಿ ಹೊರಟದ್ದಾ?"

"ಥರ್ಮಾಮೀಟರ್ ಇಟ್ಟೀಯೇನ?" ಎಂದಳು ಮಂಜರಿ.

"ಇಟ್ಟೀನಿ."

"ನಾ ಚಾಷ್ಟಿಗಿ ಕೇಳಿದ್ಯೆ!" ತಮಾಷೆ ಮಾಡಲು ಹೋದ ಮಂಜರಿಯೇ ಬೆಪ್ಪಾದಳು.

ಶೇರ್ ರಿಕ್ಷಾ ಡಾಂಗೆ ಚೌಕ ದಾಟಿ ಚಿಂಚವಡದ ಸೇತುವೆ ಹತ್ತಿತು. ಎರಡೂ ಕಡೆ ಎತ್ತರದ ಜಾಳಿಗೆ, ಕೆಳಗೆ ಕೆಂಪಗೆ ಉಕ್ಕುವ ನೀರು. ರೇಣು ಮಗನ ಹಣೆಗೆ ಖಂಡೋಬಾನ ಭಂಡಾರ, ಆ ಅರಿಸಿನದ ಪುಡಿ, ಹಚ್ಚುತ್ತಿದ್ದಳು. ಪಕ್ಕದಲ್ಲಿ ಮಂಜರಿ ಕೈಮುಗಿದಳು. "ಪವನಾಮಾಯಿ."

"ಇದು... ನದಿ ಏನ?"

"ಮತ್ತೇನು ಗಟಾರ ಅಂದ್ಕೊಂಡಿದ್ದೆ?"

ಹೌದು, ಹಾಗೆಯೇ ಅಂದುಕೊಂಡಿದ್ದಳು. ಅವಳೊಬ್ಬಳೇ ಅಲ್ಲ. ಹೆರಿಗೆಯಾದದ್ದು ಚಿಂಚವಡದ ಆಸ್ಪತ್ರೆಯಲ್ಲಿ, ಫೆಬ್ರವರಿ ತಿಂಗಳಲ್ಲಿ. ಕೂಸನ್ನು ವಾಕಡದ ಮನೆಗೆ ತಂದದ್ದು ಇದೇ ಸೇತುವೆಯ ಮೇಲೆ, ರಿಕ್ಷಾದಲ್ಲಿ, ಬಸವಣ್ಣೆವ್ವನ ತೊಡೆಯ ಮೇಲೆ. ಆಗ ಕೆಳಗೆ ನೀರೇ ಕಾಣುತ್ತಿರಲಿಲ್ಲ. ದಂಡೆಯಿಂದ ದಂಡೆಗೆ ಹಸಿರು ಅಂತರಗಂಗೆ ಹಬ್ಬಿ ಗದ್ದೆಯಂತಾಗಿತ್ತು, ವಾಸನೆ ತಡೆಯಲಾಗುತ್ತಿರಲಿಲ್ಲ. "ಏನು ಊರಪಾ ಇದು, ಇಷ್ಟ ದೊಡ್ಡ ಗಟಾರ!" ಎಂದು ಅತ್ತೆ ಕೂಸಿನ ಮುಖಕ್ಕೆ ಸೆರಗು ಮುಚ್ಚಿದ್ದರು.

ರೇಣು ತೊದಲುತ್ತ ಅದನ್ನು ಹೇಳಿದಾಗ ಮಂಜರಿ ರಿಕ್ಷಾ ಅಲುಗಾಡುವಂತೆ ನಕ್ಕಳು. "ಅಂದ್ರ ನಿಮ್ಮತ್ತೀನೇ ದಾಟಿಸ್ಯಾರ! ಹಚ್ಚ ಫೋನು! ಈಗ ಹಚ್ಚು!"

"ಕೇಸು ಖುಲಾಸೆ," ಎಂದಳು ಶ್ರದ್ಧಾ. "ಇನ್ನು ನೀನು ಆರಾಮಾಗಿ ನಾಕು ಇಡ್ಲಿ ತಿನ್ನು."

ರೇಣು ಮಗನನ್ನು ನೋಡಿದಳು. ನೀರು ದಾಟಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ತೊಡೆಯ ಮೇಲೇ ಕುಳಿತಿತ್ತು. ಹಲ್ಲು ಬರುತ್ತದೆ. ನಡಿಗೆ ಬರುತ್ತದೆ. ಸಿಟ್ಟು ಬಂದರೆ ಕಚ್ಚಲು ಬರುತ್ತದೆ. ಒಂದೂವರೆ ವರ್ಷದಿಂದ ಎದೆಯ ಮೇಲಿದ್ದ ಒರಳುಕಲ್ಲು ಇಳಿದಂತಾಗಿ ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ರೈಲಿನಲ್ಲಿ ಎದುರು ಕುಳಿತ ಹೆಂಗಸೊಬ್ಬಳು ಮಾರ್ತಾಂಡನ ಜುಟ್ಟು ಸವರಿ, "ಕಿತೀ ಗೋಡ ಮುಲಗೀ!" ಎಂದಳು, ಎಷ್ಟು ಮುದ್ದಾದ ಹುಡುಗಿ ಎಂದು. ದಿನವೂ ತಿದ್ದುವ ರೇಣು ಇಂದು ತಿದ್ದಲಿಲ್ಲ. ಅವಳ ಮನಸ್ಸು ಫೋನಿನ ಮಾತು ಜೋಡಿಸುತ್ತಿತ್ತು. 'ಅತ್ತಿ, ನಾ ದಾಟಿಸಿಲ್ರಿ, ನೀವೇ ದಾಟಿಸೀರಿ.' ಎಂಥ ಸೊಗಸಾದ ಮಾತು! ತಿರುಗಿ ಏನೂ ಅನ್ನುವಂತಿಲ್ಲ.

ಕಾಮಶೇತ ಬಿಟ್ಟ ಮೇಲೆ ಹಸಿರು ಗುಡ್ಡಗಳು ಕಿಟಕಿಯ ತನಕ ಬಂದವು. ಅವುಗಳ ಮೈಮೇಲೆಲ್ಲ ಬಿಳಿಯ ನೀರಿನ ಎಳೆಗಳು. ಆಗ ಯಾಕೋ ಅವಳಿಗೆ ಭೀಮೆಯ ದಂಡೆಯ ಮೇಲೆ ಕೂಸನ್ನೆತ್ತಿಕೊಂಡು ನಿಂತ ಇಪ್ಪತ್ತರ ಹುಡುಗಿಯೊಬ್ಬಳು ಕಂಡಳು. ಆಚೆ ದಂಡೆಯಲ್ಲಿ ತಂಗಿಯ ಮದುವೆಯ ವಾಲಗ. ಆ ಹುಡುಗಿ ಕೊಟ್ಟದ್ದು ಎರಡೂವರೆ ವರ್ಷ. ಈಗ ಮುದುಕಿಯಾದ ಅವಳಿಗೆ 'ನಿಮ್ಮ ಕಟ್ಟು ನೀವೇ ಮುರದೀರಿ' ಎಂದರೆ ಇವತ್ತು ಬಾಯಿ ಮುಚ್ಚುತ್ತದೆ. ನಾಳೆ ಕೂಸಿಗೊಂದು ಸೀನು ಬಂದರೂ ತನ್ನಿಂದಲೇ ಬಂತೆಂದು ಅವಳು ಕೊರಗುತ್ತಾಳೆ. ಏನಾಗುತ್ತದೋ ಎಂದು ಕೊರಗುವುದರ ರುಚಿ ರೇಣುಗೆ ಚೆನ್ನಾಗಿ ಗೊತ್ತಿತ್ತು.

ಸಿಟ್ಟು ತರಿಸಿದ್ದು ಇನ್ನೊಂದು. ಆಸ್ಪತ್ರೆ ಮನೆಯಿರುವ ದಂಡೆಯಲ್ಲೇ ಇದ್ದಿದ್ದರೆ? ಸೇತುವೆಯೇ ಇರದಿದ್ದರೆ? ಆಗ ಅವಳು ಮೂರನೆಯ ವರ್ಷದವರೆಗೆ ಮನೆಯೊಳಗೇ ಕೂಡಬೇಕಿತ್ತೇ? ಹೊರಗೆ ಕಾಲಿಡಲು ಅತ್ತೆಯ ತಪ್ಪೊಂದು ಸಿಗಬೇಕೇ?

ಮಳವಲಿಯಲ್ಲಿ ಇಳಿದು ಭಾಜೆಯ ದಾರಿ ಹಿಡಿದಾಗ ಜಿಟಿಜಿಟಿ ಮಳೆ. ದಾರಿಬದಿಯ ಚಹಾದ ತಗಡಿನ ಕೆಳಗೆ ನಿಂತದ್ದೇ ತಡ, ಫೋನ್ ಹೊಡೆದುಕೊಂಡಿತು. ತೆರೆಯ ಮೇಲೆ ಬಸವಣ್ಣೆವ್ವನ ಹೆಸರು.

"ಚಾದರ ಹಿಡಿ, ಚಾದರ ಹಿಡಿ!" ಎಂದಳು ಮಂಜರಿ. ಊಟಕ್ಕೆ ಹಾಸಲೆಂದು ಶ್ರದ್ಧಾ ತಂದಿದ್ದ ಹೂವಿನ ಚಾದರವನ್ನು ಇಬ್ಬರೂ ಒಂದೊಂದು ತುದಿ ಹಿಡಿದು ರೇಣುವಿನ ಬೆನ್ನ ಹಿಂದೆ ಬಿಗಿಯಾಗಿ ಎಳೆದರು. "ಆತು, ನಿಮ್ಮ ಮನಿ ಗ್ವಾಡಿ. ಎತ್ತೀಗ."

"ರೈನ್‌ಕೋಟು ತೆಗಿ ಮಾರಾಯ್ತಿ, ಮನೆಯೊಳಗೆ ಯಾರು ರೈನ್‌ಕೋಟು ಹಾಕ್ತಾರೆ?"

ಚಹಾದ ಹೆಂಗಸು ಸೌಟು ಕೈಯಲ್ಲಿ ಹಿಡಿದೇ ನೋಡುತ್ತಿದ್ದಳು. ರೇಣು ಫೋನನ್ನು ಮುಖದೆದುರು ಎತ್ತಿದಳು. ಕರೆ ಸ್ವೀಕರಿಸುವ ಮೊದಲೇ ಅದು ಅವಳ ಮುಖವನ್ನೇ ತೋರಿಸಿತು. ಒದ್ದೆ ಕೂದಲು, ಬೆನ್ನಿಗೆ ಗುಲಾಬಿ ಹೂಗಳು, ಎರಡು ಮೂಲೆಗಳಲ್ಲಿ ಇಬ್ಬರು ಗೆಳತಿಯರ ಬೆರಳುಗಳು. ಆಚೆಗೆ ಇಡೀ ಗುಡ್ಡ ನೀರಾಗಿ ಇಳಿಯುತ್ತಿತ್ತು. ಅದನ್ನು ಮುಚ್ಚಲು ಒಂದು ಚಾದರ. ಮಾರ್ತಾಂಡ ಅಂಚನ್ನು ಸರಿಸಿ ಹೊರಗಿಣುಕಿ, "ಅಂಬಾ!" ಎಂದು ದಾರಿಯಲ್ಲಿ ನಿಂತಿದ್ದ ಎಮ್ಮೆಯನ್ನು ಕೂಗಿದ.

ಫೋನ್ ಹೊಡೆದು ಹೊಡೆದು ನಿಂತಿತು.

"ಯಾಕ? ಎತ್ತಬೇಕಿಲ್ಲ?" ಎಂದಳು ಮಂಜರಿ.

"ಚಾದರ ಇಳಸ್ರೇ," ಎಂದಳು ರೇಣು. "ಕೈ ನೋಯತಾವ ನಿಮಗ."

ಧಬಧಬಿಯ ಬುಡದಲ್ಲಿ ಹುಡುಗರ ಗುಂಪೊಂದು ಕಿರುಚುತ್ತ ನೆನೆಯುತ್ತಿತ್ತು. ಅತ್ತ ಹೋಗುವ ಮಾತೇ ಇರಲಿಲ್ಲ. ಅಂಜುಬುರುಕುತನ ಒಂದು ಮುಂಜಾನೆಯಲ್ಲಿ ಬಿಟ್ಟುಹೋಗುವಂಥದಲ್ಲ. ಕೆಳಗೆ ನೀರು ಬಂಡೆಗಳ ನಡುವೆ ತೆಳ್ಳಗೆ ಹರಡಿ ಹರಿಯುವ ಕಡೆ, ಮೊದಲು ತಾನೇ ಕಾಲಿಟ್ಟು ಜಾರುತ್ತದೆಯೇ ನೋಡಿ, ಕಲ್ಲಿನ ಮೇಲೆ ಗಟ್ಟಿಯಾಗಿ ಕುಳಿತು, ಮಗನನ್ನು ಎರಡೂ ಕಂಕುಳಲ್ಲಿ ಹಿಡಿದು ಇಳಿಸಿದಳು. ನೀರು ಅವನ ಮೀನಖಂಡದವರೆಗೂ ಬರಲಿಲ್ಲ. ಅವನು ಒಮ್ಮೆ ಉಸಿರು ಬಿಗಿ ಹಿಡಿದ. ಆಮೇಲೆ ಕಾಲು ಬಡಿದ. ಮತ್ತೆ ಬಡಿದ. ಜುಟ್ಟು ಬಿಚ್ಚಿ ಆ ಹುಟ್ಟುಗೂದಲೆಲ್ಲ ಹನಿಯಿಂದ ಮುಖಕ್ಕೆ ಅಂಟಿಕೊಂಡಿತು.

"ಫೋಟೋ ಬೇಡ್ವಾ?" ಎಂದು ಶ್ರದ್ಧಾ ಮೆಲ್ಲಗೆ ಕೇಳಿದಳು. "ಯಾರಿಗೂ ಕಳಿಸುದಿಲ್ಲ, ಆಣೆ."

"ಎಲ್ಲಾರಿಗೂ ಕಳಸು. ಮೊದಲ ಇಂವನ್ನ ಹಿಡಿ."

ಶ್ರದ್ಧಾ ಮಗುವನ್ನು ಹಿಡಿದಳು. ರೇಣು ಸೆರಗಿನಿಂದ ಫೋನ್ ಒರೆಸಿದಳು. ಇಷ್ಟು ದಿನದಲ್ಲಿ ಅತ್ತೆಗೆ ತಾನಾಗಿ ಫೋನ್ ಮಾಡಿದ್ದು ಅವಳಿಗೆ ನೆನಪಿರಲಿಲ್ಲ. ಯಾವಾಗಲೂ ಬರುವ ಕರೆಗೆ ಹಾಜರಾಗುವುದೇ. ಮಂಜರಿ ಕಿವಿಯ ಬಳಿ ಬಗ್ಗಿ, "ಸೇತುವಿದು ಮರೀಬ್ಯಾಡ," ಎಂದಳು. ರೇಣು ಬೇಡವೆಂದು ತಲೆಯಾಡಿಸಿ ಗುಂಡಿ ಒತ್ತಿದಳು.

ಮೊದಲ ರಿಂಗಿಗೇ ಬಸವಣ್ಣೆವ್ವ ಎತ್ತಿದರು. ಹಣೆಯ ಭಂಡಾರ, ಕನ್ನಡಕ, ಪಕ್ಕದಲ್ಲಿ ಮುಚ್ಚಿಟ್ಟ ಚಹಾದ ಲೋಟ. "ಯಾಕ ಎತ್ತಲಿಲ್ಲ? ಹುಡುಗಗ ಆರಾಮ ಅದ ಇಲ್ಲ? ಅದೇನು ಸಪ್ಪಳ?"

"ಧಬಧಬಿ ಸಪ್ಪಳರಿ ಅತ್ತಿ," ಎಂದು ರೇಣು ಫೋನನ್ನು ನಿಧಾನವಾಗಿ ತಿರುಗಿಸಿದಳು. ಗುಡ್ಡ, ನೀರು, ಬಂಡೆ, ಶ್ರದ್ಧಾಳ ಕೈಯಲ್ಲಿ ಕಾಲು ಬಡಿಯುತ್ತಿದ್ದ ಮಾರ್ತಾಂಡ. "ನಾ ಕರಕೊಂಡ ಬಂದೀನಿ. ಸಂಜು ಕಳಿಸಿಲ್ಲ, ಇವ್ರು ಎಳಕೊಂಡು ಬಂದಿಲ್ಲ. ನಾನ ಬಂದೀನಿ."

ಕರೆ ಕಡಿದುಹೋಯಿತೇನೋ ಎಂದು ನೋಡಿದಳು. ಇಲ್ಲ, ಕನ್ನಡಕ ಅಲ್ಲೇ ಇತ್ತು.

"ಜಾವಳಕ್ಕ ನಾನೂ ಬರತೀನ್ರಿ. ಜೇಜುರಿ ಮೆಟ್ಟಲಾ ಇಂವನ್ನ ಹೊತಗೊಂಡು ನಾನ ಹತ್ತತೀನಿ. ಅದರಾಗ ಕಡಿಮಿ ಮಾಡೂದಿಲ್ಲ. ಆದ್ರ ಅಲ್ಲೀ ತನಕ ಒಳಗ ಕೂಡೂದಿಲ್ಲ. ಬೈಯೂದಿದ್ರ ಬೈರಿ, ನಾ ಫೋನ್ ಇಡೂದಿಲ್ಲ. ಮುಂದಿನ ತಿಂಗಳಾ ಎಲ್ಲಿ ಹೋಗತೀವಿ ಅನ್ನೂದೂ ನಿಮಗ ಹೇಳೇ ಹೋಗತೀನಿ." ಅವಳು ಫೋನನ್ನು ತನ್ನ ಮುಖಕ್ಕೆ ತಿರುಗಿಸಿದಳು. "ಕೇಳಿ ಅಲ್ರಿ ಅತ್ತಿ. ಹೇಳಿ."

ಬಸವಣ್ಣೆವ್ವ ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡು ಫೋನಿಗೆ ತೀರ ಹತ್ತಿರ ಬಂದರು.

"ಮೊದಲ ಅಂವನ ತಲಿ ಒರಸು," ಎಂದರು. "ಆಮ್ಯಾಲ ಬೈತೀನಿ."