ಗೂಢಚಾರನ ಹೊಸ ಮುಖ, ಶ್ಯಾಮಣ್ಣನ ಮಗಳು

"ಇವನ್ ಮುಖ ನೋಡ್ಲಾ. ಗೂಢಚಾರನ ಥರ ಐತಾ? ಕೊಬ್ರಿ ಮೂಟೆ ಲೋಡ್ ಮಾಡೋಕ್ ಬಂದವನ ಥರ ಅವ್ನೆ!"

ಹೀಗೆಂದವನು ನನ್ನ ಗೆಳೆಯ ರುದ್ರೇಶ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. (ಆದ್ದರಿಂದ ಹೋಲಿಕೆಯನ್ನು ಅಧಿಕೃತವೆಂದೇ ತಿಳಿಯಬೇಕು.) ಕಳೆದ ಭಾನುವಾರ ಅವನ ಮನೆಯಲ್ಲಿ ಆ ಬ್ರಿಟಿಷ್ ಗೂಢಚಾರನ ಹೊಸ ಚಿತ್ರದ ಡಿವಿಡಿ ಹಾಕಿಕೊಂಡು ಕೂತಿದ್ದೆವು. ಯಾವ ಗೂಢಚಾರ ಎಂದು ಬಿಡಿಸಿ ಹೇಳಬೇಕಿಲ್ಲ. ನಾವು ಹುಟ್ಟುವ ಮೊದಲಿನಿಂದಲೂ ಲೋಕವನ್ನು ಉಳಿಸುತ್ತಿರುವ, ವಯಸ್ಸೇ ಆಗದ, ಆಗಾಗ ನಟ ಮಾತ್ರ ಬದಲಾಗುವ ಅದೇ ಮಹಾಶಯ.

ಈ ಸಲದವನು ಹೊಸಬ. ಚಿತ್ರ ಬರುವ ಮೊದಲೇ ಅರ್ಧ ಲೋಕ ಇವನನ್ನು ಬೇಡ ಎಂದಿತ್ತು. ಉಳಿದರ್ಧದ ಪರವಾಗಿ ರುದ್ರೇಶ ಬೇಡ ಎಂದ.

"ನೋಡೋಕ್ ಮುಂಚೇನೇ ಬೇಡ ಅಂದ್ರೆ ಹೆಂಗೋ?" ಎಂದೆ.

"ಹೆಣ್ಣು ನೋಡೋಕ್ ಹೋದಾಗ ಬಾಗಿಲಲ್ಲೇ ಗೊತ್ತಾಗ್ಬಿಡಲ್ವಾ? ಹಂಗೆ."

ಅಡುಗೆಮನೆಯಿಂದ ಅವನ ಹೆಂಡತಿಯ ದನಿ ಬಂತು: "ನಂಗೂ ಬಾಗಿಲಲ್ಲೇ ಗೊತ್ತಾಗಿತ್ತು. ಆದ್ರೂ ಒಪ್ಕೊಂಡೆ."

ರುದ್ರೇಶ ಸೌಂಡ್ ಜಾಸ್ತಿ ಮಾಡಿದ.

ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ಹೊತ್ತಿಗೆ ಅವನು ಸುಮ್ಮನಾಗಿದ್ದ. ಕಾಫಿ ಬರುವ ಹೊತ್ತಿಗೆ "ಪರವಾಗಿಲ್ಲ ಕಣೋ, ಚೆನ್ನಾಗ್ ಓಡ್ತಾನೆ" ಎಂದ. ಚಿತ್ರ ಮುಗಿದಾಗ, ಇವನನ್ನು ಆರಿಸಿ ಕಳಿಸಿದ್ದೇ ತಾನು ಎಂಬ ಗತ್ತಿನಲ್ಲಿ ಕೂತಿದ್ದ.

ಯಾಕೆ ಹೀಗೆ? ಒಬ್ಬ ನಟನನ್ನು ಅಪ್ಪಿಕೊಳ್ಳುತ್ತೇವೆ, ಇನ್ನೊಬ್ಬನನ್ನು ಒಂದೇ ಚಿತ್ರಕ್ಕೆ ಮನೆಗೆ ಕಳಿಸುತ್ತೇವೆ. ಕಾಲೇಜಿನಲ್ಲಿದ್ದಾಗ ಇದಕ್ಕೆ ನನ್ನ ಬಳಿ ದೊಡ್ಡ ದೊಡ್ಡ ಥಿಯರಿಗಳಿದ್ದವು. ಈಗ ಉಳಿದಿರುವುದು ಒಂದು ಸಣ್ಣ ಅನುಮಾನ. ನಾವು ಹೊಸಬನ ಅಭಿನಯವನ್ನು ನೋಡುವುದೇ ಇಲ್ಲ. ಅವನು ಕೂತ ಕುರ್ಚಿಯನ್ನು ನೋಡುತ್ತೇವೆ. ಅದರಲ್ಲಿ ಮೊದಲು ಯಾರು ಕೂತಿದ್ದರು, ಆಗ ನಮಗೆ ಎಷ್ಟು ವಯಸ್ಸು, ಪಕ್ಕದಲ್ಲಿ ಯಾರಿದ್ದರು, ಇವೇ ನೆನಪಾಗುತ್ತವೆ. ಬೇಡ ಎನ್ನಿಸುವುದು ಹೊಸಬನಲ್ಲ, ನಮ್ಮ ಹಳೆಯ ದಿನ ಮುಗಿಯಿತು ಎಂಬ ಸುದ್ದಿ.

ಚೆನ್ನಾಗಿದೆ ಅಲ್ಲವೇ? ಈ ವಾರದ ಅಂಕಣವನ್ನು ಇಷ್ಟಕ್ಕೇ ಮುಗಿಸುವುದೆಂದು ಅವತ್ತು ನಿರ್ಧರಿಸಿದ್ದೆ. ಮಾರನೆಯ ಬೆಳಿಗ್ಗೆ ಬೇಲೂರಿಗೆ ವಾಪಸು ಹೊರಟ ಬಸ್ಸಿನಲ್ಲಿ ಅದು ಕೆಟ್ಟಿತು.

ಅದನ್ನು ಹೇಳುವ ಮೊದಲು ಟಿ.ಸಿ. ಶ್ಯಾಮಣ್ಣನವರನ್ನು ನೆನಪಿಸಬೇಕು. ಹೋದ ವರ್ಷ ಇದೇ ಜಾಗದಲ್ಲಿ ಅವರ ಬಗ್ಗೆ ಬರೆದಿದ್ದೆ. ಓದದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್ ಹತ್ತಿರದ ಒಂದು ಹಾಲ್‌ನಲ್ಲಿ ಭಾನುವಾರ ಸಂಜೆ ಟಿವಿ, ವಿಸಿಆರ್ ಇಟ್ಟು ಇಂಗ್ಲಿಷ್ ಚಿತ್ರ ಹಾಕುತ್ತಿದ್ದರು. ಹೆಚ್ಚಾಗಿ ಇದೇ ಗೂಢಚಾರನ ಚಿತ್ರಗಳು. ನಮಗೆ ಆ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಟಿವಿ ಪಕ್ಕದಲ್ಲಿ ಮೈಕ್ ಹಿಡಿದು ನಿಂತು, ನಡೆಯುತ್ತಿರುವುದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದವರು ಟಿಕೆಟ್ ಕಲೆಕ್ಟರ್ ಶ್ಯಾಮಣ್ಣ. ಅವರಿಗೆ ಅದು ಎಷ್ಟು ಅರ್ಥವಾಗುತ್ತಿತ್ತು? (ಕೇಳಬೇಡಿ.)

"ನೋಡ್ರಪ್ಪಾ, ಈಗ ಇವ್ನು ರೈಲು ಹತ್ತತಾ ಅವ್ನೆ. ಟಿಕೆಟ್ ಇಲ್ಲ. ವಿತೌಟು! ದೇಶ ಉಳ್ಸೋಕ್ ಹೊಂಟವ್ನೆ, ಬಿಟ್ಬಿಡಾನ."

ಚಿತ್ರದಲ್ಲಿ ಹೆಂಗಸರು ಮಾತಾಡಿದರೆ "ಇಲ್ಲಿ ಈಯಮ್ಮ ಏನೋ ಹೇಳ್ತಾರೆ, ಅಂಥಾ ಮುಖ್ಯ ಅಲ್ಲ" ಎಂದು ದಾಟಿಸಿಬಿಡುತ್ತಿದ್ದರು. ಹಾಗಾಗಿ ಕೊನೆಯಲ್ಲಿ ಆಕೆ ಯಾಕೆ ಪಿಸ್ತೂಲು ತೆಗೆದಳು ಎಂಬುದು ನಮಗೆ ಯಾವತ್ತೂ ತಿಳಿಯಲಿಲ್ಲ.

ಒಮ್ಮೆ ಹೊಸ ಕ್ಯಾಸೆಟ್ ಬಂತು. ಅದರಲ್ಲಿ ಗೂಢಚಾರನ ಪಾತ್ರಕ್ಕೆ ಬೇರೆ ನಟ. ಹಾಲ್‌ನಲ್ಲಿ ಗಲಾಟೆ ಎದ್ದಿತು. "ಇವನ್ಯಾರು? ನಮ್ಮೋನೆಲ್ಲಿ?" ಶ್ಯಾಮಣ್ಣ ಒಂದು ಕ್ಷಣವೂ ತಡವರಿಸಲಿಲ್ಲ.

"ಇವ್ನೇ ಅವ್ನು ಕಣ್ರಪ್ಪಾ! ಗೂಢಚಾರ ಅಂದ್ಮೇಲೆ ಒಂದೇ ಮುಖ ಇಟ್ಕಂಡು ಓಡಾಡೋಕ್ಕಾಯ್ತದಾ? ಆಪರೇಷನ್ ಮಾಡಿಸ್ಕಂಡು ಮುಖ ಬದ್ಲಾಯ್ಸ್ಕಂಡವ್ನೆ."

ಶಿಳ್ಳೆ, ಚಪ್ಪಾಳೆ! ಅಲ್ಲಿಂದಾಚೆಗೆ ಯಾವ ನಟ ಬಂದರೂ ಅರಸೀಕೆರೆ ಒಪ್ಪಿತು. ಅವನ ಊರಿನವರೇ ಒಪ್ಪದವನನ್ನೂ ನಾವು ಒಪ್ಪಿದೆವು.

ಒಂದು ಭಾನುವಾರ ಶ್ಯಾಮಣ್ಣ ಬರಲಿಲ್ಲ. ಗಂಟಲಿನ ತೊಂದರೆ, ಹಾಸಿಗೆ ಹಿಡಿದಿದ್ದರು. ಮಾತಾಡಲೇಬಾರದು ಎಂದಿದ್ದರು ಡಾಕ್ಟರು. ಕ್ಯಾಸೆಟ್ ಇತ್ತು, ಕರೆಂಟೂ ಇತ್ತು. ಆದರೂ ನಾವು ಚಿತ್ರ ನೋಡಲಿಲ್ಲ. "ಸಾರ್ ಹುಷಾರಾಗಿ ಬರ್ಲಿ, ಕಾಯ್ತೀವಿ" ಎಂದು ಎದ್ದುಬಂದೆವು. ಅವರ ದನಿ ಮರಳಿ ಬರಲಿಲ್ಲ. ಭಾನುವಾರದ ಆಟ ನಿಂತಿತು. ಕೇಬಲ್ ಬಂತು. ಒಬ್ಬ ಮನುಷ್ಯನ ದನಿಗಾಗಿ ಇಡೀ ಹಾಲ್ ಕಾದ ಊರು ನಮ್ಮದು ಎಂದು ಅಂಕಣ ಮುಗಿಸಿದ್ದೆ. ನೀವೆಲ್ಲ ಬಹಳ ಮೆಚ್ಚಿ ಬರೆದಿರಿ. ಒಬ್ಬರಿಗಂತೂ ಕಣ್ಣಲ್ಲಿ ನೀರು ಬಂದಿತ್ತಂತೆ.

ಈಗ ಬಸ್ಸಿಗೆ ಬರೋಣ. ಜಾವಗಲ್‌ನಲ್ಲಿ ಪಕ್ಕದ ಸೀಟು ಖಾಲಿಯಾಯಿತು. ನನಗಿಂತ ಸ್ವಲ್ಪ ಚಿಕ್ಕವರಿರಬಹುದು, ಒಬ್ಬ ಹೆಂಗಸು ಬಂದು ಕೂತರು.

"ನೀವು ಪೇಪರಲ್ಲಿ ಬರೀತೀರಲ್ವಾ? ನಾನು ಪ್ರಮೀಳಾ. ಟಿ.ಸಿ. ಶ್ಯಾಮಣ್ಣನೋರ ಮಗಳು. ಹಳೇಬೀಡಲ್ಲಿ ಟೀಚರ್."

ಅಂಕಣಕಾರನಿಗೆ ಇದಕ್ಕಿಂತ ಏನು ಬೇಕು? ನಾನು ಹೊಗಳಿಕೆಗೆ ಸಿದ್ಧನಾಗಿ ಕೂತೆ.

"ಅಪ್ಪನ ಬಗ್ಗೆ ಚೆನ್ನಾಗ್ ಬರ್ದಿದ್ರಿ. ಕಟ್ ಮಾಡಿ ಇಟ್ಕೊಂಡಿದೀನಿ. ಒಂದ್ ಮಾತು ಕೇಳ್ಲಾ ಸಾರ್? ಬೇಜಾರ್ ಮಾಡ್ಕೋಬಾರ್ದು."

"ಕೇಳಿ."

"ಅಪ್ಪ ಬರದ ಆ ಭಾನುವಾರ ನಾನೂ ಅಲ್ಲಿದ್ನಲ್ಲ. ಅದನ್ಯಾಕೆ ಬಿಟ್ರಿ?"

"ಎಲ್ಲಿ?"

"ಟಿವಿ ಪಕ್ಕದಲ್ಲಿ. ಮೈಕ್ ಹಿಡ್ಕೊಂಡು."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಹಾಲ್ ಕಂಡಿತು, ಟಿವಿ ಕಂಡಿತು, ಅದರ ಪಕ್ಕದ ಖಾಲಿ ಜಾಗ ಕಂಡಿತು. ಆಮೇಲೆ ಅಲ್ಲಿ ಹಸಿರು ದಾವಣಿಯ ಹುಡುಗಿಯೊಬ್ಬಳು ಕಂಡಂತಾಯಿತು. ಅದು ನೆನಪೋ, ಅವರು ಹೇಳಿದ ಮೇಲೆ ನಾನೇ ಹೊಲಿದು ಉಡಿಸಿದ ದಾವಣಿಯೋ? ದೇವರಾಣೆ ಗೊತ್ತಿಲ್ಲ.

"ಅಪ್ಪನೇ ಕಳಿಸಿದ್ರು, ಈ ವಾರ ನೀನು ಹೇಳು ಅಂತ," ಎಂದರು ಪ್ರಮೀಳಾ. "ಮಾತಾಡೋ ಹಾಗಿರ್ಲಿಲ್ಲ. ಕ್ಯಾಸೆಟ್ ತರಿಸಿ ನನ್ನ ಕೈಲಿಟ್ಟು ಬೆನ್ನು ತಟ್ಟಿದ್ರು. ನಂಗೆ ಎಷ್ಟು ಖುಷಿ ಗೊತ್ತಾ! ಡಿಗ್ರಿ ಓದ್ತಿದ್ದೆ. ಡಿಕ್ಷನರಿ ಇಟ್ಕೊಂಡು, ಮಧ್ಯಾಹ್ನ ಹಾಲ್‌ನಲ್ಲಿ ಒಬ್ಳೇ ಕೂತು, ಅದೇ ಸೀನ್ ಮತ್ತೆ ಮತ್ತೆ ಹಾಕ್ಕೊಂಡು ಕಲ್ತಿದ್ದೆ. ಹೆಂಗಸರು ಮಾತಾಡೋದೆಲ್ಲ ಅಪ್ಪ ಹಾರಿಸ್ಬಿಡ್ತಿದ್ರಲ್ಲ, ನಾನು ಅದನ್ನೆಲ್ಲ ಹೇಳ್ಬೇಕು ಅಂತ."

"ಹೇಳಿದ್ರಾ?"

"ಶುರು ಮಾಡ್ದೆ. ಆ ಹೆಂಗಸು ಸುಳ್ಳು ಹೇಳ್ತಿದಾಳೆ, ದುಡ್ಡಿಗಲ್ಲ, ಅವಳ ಅಣ್ಣನ್ನ ಶತ್ರುಗಳು ಕೂಡಿ ಹಾಕಿದಾರೆ ಅಂದೆ. ಅಷ್ಟೊತ್ತಿಗೆ ಹಿಂದಿನಿಂದ ಯಾರೋ, ಅಮ್ಮಾ, ಸಾರ್ ಯಾವಾಗ್ ಬತ್ತಾರೆ ಅಂದ್ರು. ಇನ್ನೊಬ್ರು, ನಿನಗ್ಯಾಕಮ್ಮ ಸುಮ್ನೆ ತೊಂದ್ರೆ ಅಂದ್ರು. ಸಾರ್ ಹುಷಾರಾಗ್ಲಿ, ಕಾಯ್ತೀವಿ ಅಂತ ಹೇಳಮ್ಮ ಅಂತ ಒಬ್ಬೊಬ್ರೇ ಎದ್ರು. ಹೋಗ್ತಾ ಹೋಗ್ತಾ ಎಲ್ಲಾರೂ ಅಪ್ಪನ ಆರೋಗ್ಯ ವಿಚಾರಿಸ್ಕೊಂಡ್ರು. ಒಬ್ರಂತೂ ಎಳನೀರ್ ಕಳಿಸ್ತೀನಿ ಅಂದ್ರು. ಕಳಿಸಿದ್ರು ಕೂಡ."

ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ಮಡಿಸಿ ಪರ್ಸಿಗೆ ಹಾಕಿಕೊಂಡರು.

"ಬೈದಿದ್ರೆ ತಿರುಗಿಸಿ ಬೈಬಹುದಿತ್ತು ಸಾರ್. ಅಷ್ಟು ಮರ್ಯಾದೆಯಾಗಿ ಎದ್ದು ಹೋದ್ರೆ ಏನ್ ಮಾಡೋದು ಹೇಳಿ?"

ನಾವು ಕಾದದ್ದು ಸುಳ್ಳಲ್ಲ. ಶ್ಯಾಮಣ್ಣನವರ ಮೇಲಿನ ಪ್ರೀತಿಯೂ ಸುಳ್ಳಲ್ಲ. ಆದರೆ ಆ ಪ್ರೀತಿಯ ಎದುರಿಗೇ ಒಂದು ಹುಡುಗಿ ಮೈಕ್ ಹಿಡಿದು ನಿಂತಿದ್ದಳು. ಮರಳಿ ಬಾರದವರಿಗಾಗಿ ಕಾಯುತ್ತ, ಬಂದು ನಿಂತವಳನ್ನು ಕಳಿಸಿಬಿಟ್ಟೆವು. ಅಷ್ಟೇ ಆಗಿದ್ದರೆ ಒಂದು ಮಾತು. ಆಮೇಲೆ ಅದನ್ನು ನಮ್ಮ ಒಳ್ಳೆಯತನದ ಕಥೆ ಮಾಡಿಕೊಂಡೆವು. ಕಥೆ ಚೆನ್ನಾಗಿ ಕೂರಬೇಕಾದರೆ ಅವಳು ಅಲ್ಲಿರಬಾರದಿತ್ತು. ಹಾಗಾಗಿ ನನ್ನ ನೆನಪು ಅವಳನ್ನು ತೆಗೆದುಹಾಕಿತು. ನಾನು ಅಳಿಸಲಿಲ್ಲ ಎಂದು ಹೇಳಬಲ್ಲೆ. ತಾನಾಗಿ ಅಳಿಸಿಹೋಯಿತು ಎನ್ನುವುದೇನು ಅದಕ್ಕಿಂತ ಉತ್ತಮವೇ?

ಇನ್ನೂ ಒಂದು ಯೋಚನೆ ಬಂತು. ಹೊಸ ಮುಖದ ನಟನನ್ನು ನಾವು ಒಪ್ಪಿದ್ದು ಅವನ ಯೋಗ್ಯತೆಯಿಂದಲ್ಲ. "ಇವ್ನೇ ಅವ್ನು" ಎಂದು ಹೇಳಲು ಒಬ್ಬರಿದ್ದರು. ಅವತ್ತು ಶ್ಯಾಮಣ್ಣ ಬಾಗಿಲಲ್ಲಿ ಬಂದು ನಿಂತು, ಸನ್ನೆಯಲ್ಲಾದರೂ, ಇದು ನಾನೇ ಕಣ್ರಪ್ಪಾ, ದನಿ ಮಾತ್ರ ಬದಲಾಯಿಸಿಕೊಂಡಿದ್ದೀನಿ ಎಂದಿದ್ದರೆ? ಕೂರುತ್ತಿದ್ದೆವೇನೋ. ಹಾಸಿಗೆ ಹಿಡಿದವರು ಎಲ್ಲಿಂದ ಬರಬೇಕು?

"ಅಪ್ಪನಿಗೆ ಏನಂತ ಹೇಳಿದ್ರಿ?" ಎಂದೆ.

"ಚೆನ್ನಾಗಾಯ್ತು, ಕೊನೇವರ್ಗೂ ಕೂತಿದ್ರು ಅಂದೆ."

"ನಂಬಿದ್ರಾ?"

"ಮುಂದಿನ ಭಾನುವಾರ ಇನ್ನೊಂದು ಕ್ಯಾಸೆಟ್ ತರಿಸಿ ಕೈಗೆ ಕೊಟ್ರು. ಏನ್ ಮಾಡ್ಲಿ? ತಗೊಂಡ್ ಹೋಗಿ ಸ್ಟೇಷನ್ ಬೆಂಚ್ ಮೇಲೆ ಕೂತ್ಕೊಂಡೆ. ಸಿನಿಮಾ ಮುಗಿಯೋ ಹೊತ್ತಿಗೆ ಮನೆಗ್ ಹೋದೆ. ಆಮೇಲೆ ಪ್ರತಿ ಭಾನುವಾರಾನೂ ಅದೇ ಆಯ್ತು, ಅವರು ತೀರ್ಕೊಳ್ಳೋವರ್ಗೂ."

"ಅವರಿಗೆ ಗೊತ್ತಾಗ್ಲೇ ಇಲ್ವಾ?"

"ಗೊತ್ತಿತ್ತೇನೋ. ಮಾತಾಡೋ ಹಾಗಿರ್ಲಿಲ್ಲವಲ್ಲ."

ಹಳೇಬೀಡು ಬಂತು. ಕಂಡಕ್ಟರ್ ಕೂಗಿದ. ಪ್ರಮೀಳಾ ಬ್ಯಾಗ್ ಎತ್ತಿಕೊಂಡು ಎದ್ದವರು, ಒಂದು ಸಲ ನಕ್ಕು ಹೇಳಿದರು: "ಆ ಸ್ಟೇಷನ್ ಬೆಂಚ್ ಹತ್ರ ಎಷ್ಟೋ ಜನ ನೋಡಿ ಮಾತಾಡ್ಸೋರು ಸಾರ್. ನೀವೂ ಒಂದ್ಸಲ ಮಾತಾಡ್ಸಿದ್ರಿ. ಅಪ್ಪ ಹೇಗಿದಾರೆ ಅಂತ ಕೇಳಿದ್ರಿ."

ಅದೂ ನನಗೆ ನೆನಪಿಲ್ಲ.

ಕ್ಯಾಸೆಟ್ ಮಡಿಲಲ್ಲಿಟ್ಟುಕೊಂಡು ಕೂತ ಆ ಹುಡುಗಿಯನ್ನು ನಿಂತು ಮಾತಾಡಿಸಿದ ನಮ್ಮಲ್ಲಿ ಒಬ್ಬರಿಗಾದರೂ, ಅವತ್ತು ಅರ್ಧಕ್ಕೆ ಬಿಟ್ಟ ಕಥೆಯಲ್ಲಿ ಆ ಹೆಂಗಸಿನ ಅಣ್ಣ ಸಿಕ್ಕಿದನೇನಮ್ಮ ಎಂದು ಕೇಳಬೇಕು ಅನ್ನಿಸಲಿಲ್ಲವೇ?