ನಡುವೆ ಎಲ್ಲಾದ್ರೂ ನಿಂತಿದ್ರಾ?

ಬಂದರಿನ ಸುಂಕದ ಕಚೇರಿಯಲ್ಲಿ ಆ ಗುಮಾಸ್ತನ ಅಡ್ಡಹೆಸರು ‘ನಡುವೆಲ್ಲಾದ್ರೂ’. ದೇಶದೊಳಗೇ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ತರುವ ಹಡಗಿಗೆ ಆಮದು ಸುಂಕವಿಲ್ಲ. ಆದರೆ ದಾರಿಯಲ್ಲಿ ಹೊರದೇಶದ ಬಂದರು ಮುಟ್ಟಿದ್ದರೆ ಕತೆಯೇ ಬೇರೆ. ಸರಕೆಲ್ಲ ತಪಾಸಣೆಯಾಗುವವರೆಗೆ ಕ್ಯಾಪ್ಟನ್ ಹಡಗು ಬಿಟ್ಟು ಕದಲುವಂತಿಲ್ಲ. ಹಾಗಾಗಿ ಇಪ್ಪತ್ತೊಂಬತ್ತು ವರ್ಷವೂ ಬಂದವರಿಗೆಲ್ಲ ಅವನದು ಒಂದೇ ಪ್ರಶ್ನೆ: “ನಡುವೆ ಎಲ್ಲಾದ್ರೂ ನಿಂತಿದ್ರಾ?”

ನಾಲಿಗೆಗೆ ಅಂಟಿದ್ದು ಮನೆಗೆ ಬಂದರೆ ಬಿಡುತ್ತದೆಯೇ? ಶಾಲೆಯಿಂದ ಬಂದ ಮಗಳಿಗೂ ಅದೇ, ತರಕಾರಿ ತಂದ ಹೆಂಡತಿಗೂ ಅದೇ. “ಹೂಂ, ಚಪ್ಪಲಿ ಕಿತ್ತೋಯ್ತು, ಹೊಲಿಸ್ಕೊಂಡೆ. ಅದಕ್ಕೂ ಸುಂಕ ಹಾಕಿ!” ಎಂದು ಅವಳು ರೇಗುತ್ತಿದ್ದಳು.

ಆ ಮಗಳು ಮುಂದೆ ಮದುವೆಯಾದದ್ದೂ ಸಿಮೆಂಟು ಸಾಗಿಸುವ ಹಡಗಿನ ಕ್ಯಾಪ್ಟನ್ನನ್ನೇ. ಹಣೆಬರಹಕ್ಕೆ ಹೊಣೆ ಯಾರು!

ಚೊಚ್ಚಲ ಹೆರಿಗೆಯ ನೋವು ಶುರುವಾದ ಬೆಳಿಗ್ಗೆಯೇ ಅಳಿಯನ ಹಡಗೂ ಬಂತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗಳು ಅಪ್ಪನ ತೋಳು ಹಿಡಿದುಕೊಂಡಳು. “ಹಡಗಿನ ಅಡುಗೆಯವನಿಗೆ ಹೊಟ್ಟೆನೋವು ಜೋರಾಗಿ ಆಚೆ ದೇಶದಲ್ಲಿ ನಾಲ್ಕು ಗಂಟೆ ನಿಲ್ಸಿದ್ರಂತೆ. ಅಲ್ಲಿಂದ್ಲೇ ತಂತಿ ಕಳಿಸಿದ್ರು. ಅಪ್ಪಾ, ಇವತ್ತೊಂದಿನ ಕೇಳ್ಬೇಡಿ. ನಂಗೆ ಭಯ ಆಗ್ತಿದೆ, ಅವರು ಹತ್ರ ಇರ್ಬೇಕು.”

ಅವನು ಮಗಳನ್ನು ಒಳಗೆ ಸೇರಿಸಿ ಕಚೇರಿಗೆ ನಡೆದ.

ಅಳಿಯ ಮೇಜಿನ ಮುಂದೆ ಬಂದು ನಿಂತ. ನುಣ್ಣಗೆ ಗಡ್ಡ ಬೋಳಿಸಿ, ಒಗೆದ ಅಂಗಿ ತೊಟ್ಟು ಆಸ್ಪತ್ರೆಗೆ ಸಿದ್ಧನಾಗಿಯೇ ಬಂದಿದ್ದ. ಗುಮಾಸ್ತ ಹಡಗಿನ ಪುಸ್ತಕ ತೆರೆದ. ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಸುಮ್ಮನೆ ಒಂದು ರುಜು ಹಾಕಿದ್ದರೆ ಕೇಳುವವರು ಯಾರಿದ್ದರು?

“ನಡುವೆ ಎಲ್ಲಾದ್ರೂ ನಿಂತಿದ್ರಾ?”

ಅಳಿಯ ಅವನ ಮುಖವನ್ನೇ ನೋಡಿದ. “ನಿಂತಿದ್ವಿ ಮಾವ.”

ಪುಸ್ತಕದಲ್ಲಿ ಬರೆದಾಯಿತು. ತಪಾಸಣೆಗೆ ಎರಡು ದಿನ. ಬಂದ ದಾರಿಗೆ ಸುಂಕವಿಲ್ಲ ಎಂದು ಅಳಿಯ ಹಡಗಿಗೇ ಹಿಂತಿರುಗಿದ.

ಮಧ್ಯಾಹ್ನ ಹೆಣ್ಣುಮಗು ಹುಟ್ಟಿದ ಸುದ್ದಿ ಕಚೇರಿಗೆ ಬಂತು. ಸಂಜೆ ಅವನು ಆಸ್ಪತ್ರೆ ಮುಟ್ಟಿದಾಗ ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.

“ಕಚೇರಿ ಮುಚ್ಚಿ ಒಂದು ಗಂಟೆ ಆಯ್ತಲ್ಲ,” ಎಂದಳು. “ನಡುವೆ ಎಲ್ಲಾದ್ರೂ ನಿಂತಿದ್ರಾ?”

“ನಿಂತಿದ್ದೆ ಕಣಮ್ಮ.” ಅವನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. “ಹಡಗಿನ ಕೆಳಗೆ. ಹೆಣ್ಣುಮಗು, ಇಬ್ರೂ ಚೆನ್ನಾಗಿದಾರೆ ಅಂತ ಕೂಗ್ದೆ. ಯಂತ್ರದ ಸದ್ದಿಗೆ ನಿನ್ನ ಗಂಡಂಗೆ ಕೇಳಿಸ್ಲೇ ಇಲ್ಲ. ಕೇಳಿಸೋವರೆಗೂ ಕೂಗ್ದೆ.”

ಮಗಳು ಈ ಕಡೆ ತಿರುಗಲಿಲ್ಲ. ಮಗುವನ್ನು ಮಾತ್ರ ಎತ್ತಿ ಅಪ್ಪನ ಕಡೆಗೆ ಮಲಗಿಸಿದಳು.